ಪಟ್ಟೆಕಾಲಿನ ಕತ್ತೆಮರಿ ಮತ್ತು ನಮ್ಮ ಸೀಮೆಯ ಹೇಸರಗತ್ತೆ

ಕಳೆದ ತಿಂಗಳು ಒಂಬತ್ತನೆಯ ತರಗತಿಯಲ್ಲಿ ಜೀವಕೋಶದ ಪಾಠ ನಡೆದಿತ್ತು. ಹಿಂದಿನ ಸಾಲಿನ ಹುಡುಗನೊಬ್ಬನು ತನ್ನ ಅಣ್ಣನ ಮೊಬೈಲಿನಲ್ಲಿ ಕಂಡ ಚಿತ್ರವೊಂದನ್ನು ವರ್ಣಿಸತೊಡಗಿದನು. ಮೈ ಕಂದುಬಣ್ಣ, ಕಿವಿ ಕತ್ತೆಯದು, ಆದರೆ ನಾಲ್ಕು ಕಾಲಿಗೂ ಯಾರೋ ಕುಂಚದಿಂದ ಎಳೆದಂತೆ ಕಪ್ಪು ಪಟ್ಟೆಗಳು. “ಸರ್, ಅದು ಖರೇ ಅದನೋ, ಬಣ್ಣ ಹಚ್ಚ್ಯಾರೋ?” ಎಂಬುದು ಅವನ ಪ್ರಶ್ನೆ. ಅರ್ಧ ತರಗತಿ ಬಣ್ಣವೆಂದಿತು, ಉಳಿದರ್ಧ ಕಂಪ್ಯೂಟರ್ ಸೃಷ್ಟಿಯೆಂದಿತು. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಅದು ಖರೇ ಇದ್ರ, ಅದಕ್ಕ ಮರಿ ಆದ್ರ ಅದು ಹ್ಯಾಂಗ ಇರ್ತದ ಸರ್?” ಎಂದು ಕೇಳಿದಳು. ಪಾಠ ಅಲ್ಲಿಗೇ ನಿಂತಿತು. ಅಂದು ತರಗತಿಯಲ್ಲಿ ಹೇಳಿದ್ದನ್ನೂ ಗಂಟೆ ಬಾರಿಸಿದ್ದರಿಂದ ಹೇಳಲಾಗದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹುಡುಗನ ಸಂಶಯ ಹೊಸತಲ್ಲ. 1621ರಲ್ಲಿ ಅಬಿಸೀನಿಯಾದಿಂದ ತುರ್ಕರ ಕೈದಾಟಿ ಬಂದ ಜೀಬ್ರಾವೊಂದನ್ನು ಮೊಗಲ್ ಬಾದಷಹ ಜಹಾಂಗೀರನಿಗೆ ಒಪ್ಪಿಸಿದಾಗ, ದರ್ಬಾರಿನಲ್ಲಿದ್ದ ಕೆಲವರು ಇದಕ್ಕೆ ಬಣ್ಣ ಬಳಿದಿದ್ದಾರೆಂದೇ ಶಂಕಿಸಿದರು. ಪರೀಕ್ಷಿಸಿ ನೋಡಿದ ಬಳಿಕ ಅದು ಸೃಷ್ಟಿಕರ್ತನದೇ ಕೈಕೆಲಸವೆಂದು ತಿಳಿಯಿತೆಂದು ಜಹಾಂಗೀರನು ತನ್ನ ಆತ್ಮವೃತ್ತಾಂತದಲ್ಲಿ ಬರೆದುಕೊಂಡಿದ್ದಾನೆ. ಆಸ್ಥಾನದ ಚಿತ್ರಕಾರ ಮನ್ಸೂರನು ಬರೆದ ಆ ಜೀಬ್ರಾದ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಪ್ರಾಣಿಯನ್ನು ಮಾತ್ರ ಇರಾನಿನ ಷಾ ಅಬ್ಬಾಸನಿಗೆ ಉಡುಗೊರೆಯಾಗಿ ಕಳಿಸಲಾಯಿತು. ಅಬಿಸೀನಿಯಾ ನಮಗೆ ಅಪರಿಚಿತ ಹೆಸರೇನಲ್ಲ. ನಮ್ಮಿಂದ ಕಣ್ಣಳತೆಯ ದೂರದ ಬೀದರಿನ ಹಬ್ಶಿ ಕೋಟೆಯ ‘ಹಬ್ಶಿ’ಗಳು ಆ ನಾಡಿನವರೇ.

ಬಣ್ಣದ ಮೋಸವೂ ನಡೆದದ್ದುಂಟು. 2009ರಲ್ಲಿ ಗಾಜಾ ಪಟ್ಟಿಯ ಮೃಗಾಲಯವೊಂದು ಜೀಬ್ರಾ ತರಿಸುವ ಶಕ್ತಿಯಿಲ್ಲದೆ ಎರಡು ಬಿಳಿ ಕತ್ತೆಗಳಿಗೆ ಕೂದಲ ಬಣ್ಣದಿಂದ ಪಟ್ಟೆ ಎಳೆದು ಮಕ್ಕಳಿಗೆ ತೋರಿಸಿತು. ಆದುದರಿಂದ ಚಿತ್ರ ಕಂಡೊಡನೆ ನಂಬದಿರುವುದು ಒಳ್ಳೆಯ ಅಭ್ಯಾಸವೇ. ಆದರೆ ನಮ್ಮ ಹುಡುಗ ವರ್ಣಿಸಿದ ಲಕ್ಷಣಗಳು, ಅಂದರೆ ಮೈ ಕಂದಾಗಿದ್ದು ಪಟ್ಟೆ ಕಾಲುಗಳಲ್ಲಿ ಮಾತ್ರ ದಟ್ಟವಾಗಿರುವುದು, ಬಣ್ಣ ಬಳಿಯುವವರ ಕೆಲಸದಂತೆ ತೋರುವುದಿಲ್ಲ. ಮೋಸಗಾರನು ಇಡೀ ಮೈಗೆ ಬಳಿಯುತ್ತಾನೆ. ಜೀಬ್ರಾ ಮತ್ತು ಕತ್ತೆಯ ಕೂಡುವಿಕೆಯಿಂದ ಹುಟ್ಟಿದ ಮರಿಯಾದರೋ ಹೀಗೆಯೇ ಇರುತ್ತದೆ: ಮೈಬಣ್ಣ ಬಹುಪಾಲು ಕತ್ತೆಯದು, ಕಾಲುಗಳಲ್ಲಿ ಜೀಬ್ರಾದ ಗುರುತು ಸ್ಪಷ್ಟ, ಕುತ್ತಿಗೆಯ ಮೇಲೂ ಬೆನ್ನಿನ ಮೇಲೂ ಮಸುಕಾದ ಗೆರೆಗಳು.

ಇಂತಹ ಮರಿಗಳನ್ನು ಮನುಷ್ಯರು ಬೇಕೆಂದೇ ಹುಟ್ಟಿಸಿದ್ದಾರೆ, ಕೆಲವು ತಾವಾಗಿಯೂ ಹುಟ್ಟಿವೆ. 2013ರಲ್ಲಿ ಇಟಲಿಯ ಫ್ಲಾರೆನ್ಸ್ ಬಳಿಯ ಪ್ರಾಣಿ ಆಶ್ರಯಧಾಮದಲ್ಲಿ ಗಂಡು ಜೀಬ್ರಾವೊಂದು ಬೇಲಿ ಹಾರಿ ಹೆಣ್ಣುಕತ್ತೆಯನ್ನು ಕೂಡಿದ್ದರಿಂದ ‘ಇಪ್ಪೊ’ ಎಂಬ ಮರಿ ಜನಿಸಿತು. ಇನ್ನೂ ಸ್ವಾರಸ್ಯದ ಸಂಗತಿ ಕೀನ್ಯಾದ್ದು. ಅಲ್ಲಿ ಹೆಣ್ಣು ಜೀಬ್ರಾವೊಂದು ತ್ಸಾವೋ ಅಭಯಾರಣ್ಯವನ್ನು ಬಿಟ್ಟು ಹೊರಬಂದು, ಹಳ್ಳಿಯ ದನಗಳ ಹಿಂಡಿನಲ್ಲಿ ಸೇರಿಕೊಂಡು ಬದುಕುತ್ತಿತ್ತು. ವನ್ಯಜೀವಿ ರಕ್ಷಕರು ಅದನ್ನು ಹಿಡಿದು ಚ್ಯೂಲು ಬೆಟ್ಟದ ರಕ್ಷಿತ ಪ್ರದೇಶಕ್ಕೆ ಬಿಟ್ಟರು. 2020ರಲ್ಲಿ ಅದರ ಪಕ್ಕದಲ್ಲಿ ಮರಿಯೊಂದು ಕಾಣಿಸಿತು. ಮೈಮೇಲೆ ಮಣ್ಣಿರಬೇಕೆಂದು ಮೊದಲು ಭಾವಿಸಿದವರು ಹತ್ತಿರ ಹೋಗಿ ನೋಡಿದರೆ ಕಂದುಮೈಯ, ಪಟ್ಟೆಕಾಲಿನ ಮರಿ! ಜೀಬ್ರಾ ಗಬ್ಬ ಹೊರುವುದು ಹನ್ನೆರಡು ತಿಂಗಳಿಗೂ ಮೇಲೆ. ಲೆಕ್ಕ ಹಾಕಿದರೆ, ಹಳ್ಳಿಯ ದನಗಳ ನಡುವೆ ಇದ್ದಾಗ ಅದಕ್ಕೆ ಕತ್ತೆಯ ಸಂಗವಾಗಿತ್ತು.

ಬೇಕೆಂದೇ ಹುಟ್ಟಿಸಿದವರಲ್ಲಿ ಪ್ರಮುಖರು ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೇಮ್ಸ್ ಕೊಸಾರ್ ಯೂವರ್ಟ್. ಅವರು 1890ರ ದಶಕದಲ್ಲಿ ‘ಮಟೊಪೊ’ ಎಂಬ ಗಂಡು ಜೀಬ್ರಾವನ್ನು ಹಲವು ಹೆಣ್ಣುಕುದುರೆಗಳೊಡನೆ ಕೂಡಿಸಿದರು. ಇದರ ಹಿಂದೆ ಒಂದು ವ್ಯಾವಹಾರಿಕ ಆಸೆಯಿತ್ತು. ಆಫ್ರಿಕದಲ್ಲಿ ತ್ಸೆತ್ಸೆ ನೊಣ ಹರಡುವ ನಗಾನ ರೋಗಕ್ಕೆ ಐರೋಪ್ಯರ ಕುದುರೆಗಳು ಸಾಲುಸಾಲಾಗಿ ಸಾಯುತ್ತಿದ್ದವು. ಅದೇ ಸೀಮೆಯಲ್ಲಿ ಜೀಬ್ರಾ ಆರೋಗ್ಯವಾಗಿರುತ್ತಿತ್ತು. (ನಮ್ಮ ಕಡೆಯ ಪಶುವೈದ್ಯರು ಬಲ್ಲ ‘ಸರ್ರಾ’ ರೋಗ ನಗಾನದ ದಾಯಾದಿ. ಅದರ ರೋಗಾಣುವನ್ನು ಗ್ರಿಫಿತ್ ಇವಾನ್ಸ್ 1880ರಲ್ಲಿ ಅಂದಿನ ಪಂಜಾಬಿನಲ್ಲಿ ಕಂಡುಹಿಡಿದನು.) ಜೀಬ್ರಾದ ರೋಗನಿರೋಧ ಶಕ್ತಿಯೂ ಕುದುರೆಯ ವಿಧೇಯತೆಯೂ ಒಂದೇ ಮೈಯಲ್ಲಿ ಸೇರಿದರೆ ಎಂಬುದು ಲೆಕ್ಕಾಚಾರ. ಆದರೆ ಸೇರಬೇಕಾದದ್ದೇ ಸೇರುತ್ತದೆಂಬ ಭರವಸೆ ಯಾರಿಗಿದೆ? ಜೀಬ್ರಾ ಸಾವಿರಾರು ವರ್ಷ ಸಿಂಹಗಳ ನಡುವೆ ಬಾಳಿದ ಪ್ರಾಣಿ. ಅದರ ಬೆದರುವಿಕೆ, ಕಚ್ಚುವಿಕೆ, ಒದೆತ ಮರಿಗೂ ಬರಬಹುದು. ಅಷ್ಟರಲ್ಲಿ ಮೋಟಾರು ವಾಹನಗಳೂ ಬಂದವು. ಪಟ್ಟೆಕಾಲಿನ ಪ್ರಾಣಿ ದುಡಿಮೆಯ ಲೋಕಕ್ಕೆ ಬರದೆ ಮೃಗಾಲಯದ ಬೆರಗಾಗಿಯೇ ಉಳಿಯಿತು.

ಆದರೆ ಅದರ ಅಣ್ಣನೊಬ್ಬನು ದುಡಿಮೆಯ ಲೋಕದಲ್ಲಿ ಸಾವಿರಾರು ವರ್ಷಗಳಿಂದ ಇದ್ದಾನೆ. ಗಂಡುಕತ್ತೆ ಮತ್ತು ಹೆಣ್ಣುಕುದುರೆ ಕೂಡಿದರೆ ಹುಟ್ಟುವ ಹೇಸರಗತ್ತೆಯೇ ಅವನು. ನಮ್ಮ ಮಕ್ಕಳು ಮನೆಯಲ್ಲಿ ಉರ್ದುವಿನಿಂದ ಬಂದ ‘ಖಚ್ಚರ್’ ಎನ್ನುತ್ತಾರೆ, ತೆಲುಗಿನ ಗೆಳೆಯರು ‘ಕಂಚರ ಗಾಡಿದ’ ಎನ್ನುತ್ತಾರೆ, ಪಠ್ಯಪುಸ್ತಕದಲ್ಲಿ ‘ಹೇಸರಗತ್ತೆ’ ಎಂದಿದ್ದರೆ ಅದು ಯಾವ ಪ್ರಾಣಿಯೆಂದು ಕೇಳುತ್ತಾರೆ! ಇದೇ ಹೆಸರನ್ನು ಜೀಬ್ರಾಕ್ಕೆ ಅಂಟಿಸಿದ ಬರಹಗಳನ್ನೂ ಕಂಡಿದ್ದೇನೆ. ಅದು ತಪ್ಪು, ಜೀಬ್ರಾ ತನ್ನದೇ ಆದ ಪ್ರಭೇದ, ಯಾರ ಬೆರಕೆಯೂ ಅಲ್ಲ. ಗಂಡುಕುದುರೆ ಮತ್ತು ಹೆಣ್ಣುಕತ್ತೆಗೂ ಮರಿಯಾಗುತ್ತದೆ, ಅದು ಸಾಮಾನ್ಯವಾಗಿ ಮೈಯಲ್ಲಿ ಸಣ್ಣದು, ಸಾಕುವವರೂ ಕಡಿಮೆ.

ಹೇಸರಗತ್ತೆಗೆ ಸಂಸ್ಕೃತದಲ್ಲಿ ‘ಅಶ್ವತರ’ವೆಂಬ ಹೆಸರಿದೆ, ಶ್ವೇತಾಶ್ವತರ ಉಪನಿಷತ್ತಿನ ಹೆಸರಿನಲ್ಲಿರುವುದು ಇದೇ ಶಬ್ದ. ‘ವೇಸರ’ವೆಂಬ ಇನ್ನೊಂದು ಹೆಸರೂ ಇದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ನಮ್ಮ ಈ ನೆಲದಲ್ಲಿ ಅರಳಿದ ದೇವಾಲಯ ಶೈಲಿಯನ್ನೂ ವೇಸರವೆಂದೇ ಕರೆಯುತ್ತಾರೆಂಬುದು ಓದುಗರಿಗೆ ತಿಳಿದೇ ಇದೆ. ಉತ್ತರದ ನಾಗರ, ದಕ್ಷಿಣದ ದ್ರಾವಿಡ ಎರಡರ ಲಕ್ಷಣಗಳೂ ಇದರಲ್ಲಿ ಕೂಡಿರುವುದರಿಂದ ಹೇಸರಗತ್ತೆಯ ಹೆಸರನ್ನೇ ಇದಕ್ಕೆ ಇಟ್ಟಿರಬೇಕೆಂದು ಕೆಲವು ವಿದ್ವಾಂಸರ ಊಹೆ. ಬೇರೆ ವ್ಯುತ್ಪತ್ತಿ ಹೇಳುವವರೂ ಇದ್ದಾರೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಗೋಡೆಯ ಮುಂದೆ ನಿಂತವರಾರೂ ಬೆರಕೆಯೆಂಬುದನ್ನು ಬೈಗುಳವಾಗಿ ಬಳಸಲಾರರು.

ಹೇಸರಗತ್ತೆಯು ಕುದುರೆಗಿಂತ ಕಡಿಮೆ ಮೇವಿನಲ್ಲಿ ಬದುಕುತ್ತದೆ, ಬಿಸಿಲು ತಡೆಯುತ್ತದೆ, ಗೊರಸು ಗಟ್ಟಿ, ಕಡಿದಾದ ದಾರಿಯಲ್ಲಿ ಹೆಜ್ಜೆ ತಪ್ಪುವುದಿಲ್ಲ. ಕತ್ತೆಗಿಂತ ಹೆಚ್ಚು ಭಾರ ಹೊರುತ್ತದೆ. ಕೇದಾರನಾಥದ ಯಾತ್ರೆ ಮಾಡಿ ಬಂದವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಹಿಮಾಲಯದ ಗಡಿಯಲ್ಲಿ ನಮ್ಮ ಸೈನ್ಯದ ಸರಕು ಹೊತ್ತದ್ದೂ ಇದೇ. ಎರಡು ಭಿನ್ನ ತಳಿಗಳ ಕೂಡುವಿಕೆಯಿಂದ ಮರಿಯಲ್ಲಿ ಕಾಣುವ ಈ ಹೆಚ್ಚಿನ ಕಸುವಿಗೆ ಸಂಕರ ಬಲವೆನ್ನುತ್ತಾರೆ. ಅಷ್ಟೆಲ್ಲ ಕಸುವಿದ್ದರೂ ಅದಕ್ಕೆ ಮರಿಯಾಗುವುದಿಲ್ಲ. ಅಂದು ಹುಡುಗಿ ಕೇಳಿದ ಪ್ರಶ್ನೆಯ ತಿರುಳು ಇಲ್ಲಿದೆ.

ಪ್ರತಿ ಪ್ರಾಣಿಯ ಜೀವಕೋಶದೊಳಗೆ ಅದರ ಮೈಯ ಲಕ್ಷಣಗಳನ್ನು ಹೊತ್ತ ವರ್ಣತಂತುಗಳಿರುತ್ತವೆ. ಅವು ಜೋಡಿಜೋಡಿಯಾಗಿರುತ್ತವೆ, ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಕುದುರೆಗೆ 64, ಕತ್ತೆಗೆ 62, ಬಯಲು ಜೀಬ್ರಾಕ್ಕೆ 44. ವೀರ್ಯಾಣು ಅಥವಾ ಅಂಡಾಣು ಉಂಟಾಗುವಾಗ ಈ ಸಂಖ್ಯೆ ಅರ್ಧವಾಗುತ್ತದೆ. ಹೆಣ್ಣುಕುದುರೆಯ 32, ಗಂಡುಕತ್ತೆಯ 31 ಸೇರಿ ಹೇಸರಗತ್ತೆಗೆ 63. ಜೀಬ್ರಾದ 22, ಕತ್ತೆಯ 31 ಸೇರಿ ಪಟ್ಟೆಕಾಲಿನ ಮರಿಗೆ 53. ಜೀಬ್ರಾ ಮತ್ತು ಕುದುರೆ ಕೂಡಿದರೆ 54. ಮರಿ ಬೆಳೆಯಲು, ಓಡಲು, ದುಡಿಯಲು ಇದರಿಂದ ಅಡ್ಡಿಯಿಲ್ಲ. ತೊಂದರೆ ಬರುವುದು ಆ ಮರಿ ದೊಡ್ಡದಾಗಿ ತನ್ನ ವೀರ್ಯಾಣು ಅಥವಾ ಅಂಡಾಣುಗಳನ್ನು ಸಿದ್ಧಪಡಿಸಬೇಕಾದಾಗ. ಆಗ ತಂದೆಯ ಕಡೆಯ ತಂತು ತಾಯಿಯ ಕಡೆಯ ತಂತುವಿನ ಪಕ್ಕದಲ್ಲಿ ನಿಂತು ಜೋಡಿಯಾಗಬೇಕು. ತರಗತಿಯಲ್ಲಿ ನಾನು ಮಕ್ಕಳನ್ನೇ ಎರಡು ಸಾಲಿನಲ್ಲಿ ನಿಲ್ಲಿಸಿ ಕೈಹಿಡಿದುಕೊಳ್ಳಿರೆಂದೆ. ಒಂದು ಸಾಲಿನಲ್ಲಿ ಹೆಚ್ಚು ಮಂದಿಯನ್ನು ನಿಲ್ಲಿಸಿದ್ದೆ. ಕೈ ಸಿಗದವರು ಗೊಂದಲಗೊಂಡು ಅತ್ತಿತ್ತ ಓಡಿದರು. ಜೀವಕೋಶದಲ್ಲಿಯೂ ಹಾಗೆಯೇ, ಕೆಲಸ ನಡುವೆಯೇ ನಿಂತುಹೋಗುತ್ತದೆ.

ಸಂಖ್ಯೆಯೊಂದೇ ಕಾರಣವೆಂದು ಹೇಳಿ ಪಾಠ ಮುಗಿಸುವ ಪುಸ್ತಕಗಳಿವೆ. ಅದು ಅರೆಸತ್ಯ. ಮಂಗೋಲಿಯಾದ ಪ್ರಜೆವಾಲ್ಸ್ಕಿ ಕಾಡುಕುದುರೆಗೆ 66 ವರ್ಣತಂತುಗಳಿವೆ. ಸಾಕುಕುದುರೆಯೊಡನೆ ಕೂಡಿ ಹುಟ್ಟಿದ 65ರ ಮರಿಗೆ ಮುಂದೆ ಮರಿಗಳಾಗುತ್ತವೆ. ಅಲ್ಲಿ ಎರಡು ತಂತುಗಳು ಬೆಸೆದು ಒಂದಾಗಿವೆಯೇ ಹೊರತು ಅವುಗಳೊಳಗಿನ ಬರಹದ ಕ್ರಮ ಕದಲಿಲ್ಲ, ಆದ್ದರಿಂದ ಜೋಡಿ ಸಿಗುತ್ತದೆ. ಕುದುರೆ, ಕತ್ತೆ, ಜೀಬ್ರಾಗಳಲ್ಲಾದರೆ ಲಕ್ಷಾಂತರ ವರ್ಷಗಳಲ್ಲಿ ತಂತುಗಳು ಮುರಿದು, ತಿರುಗಿ, ಬೇರೆಬೇರೆ ಕಡೆ ಅಂಟಿಕೊಂಡು ಒಳಗಿನ ಕ್ರಮವೇ ಬದಲಾಗಿದೆ. ಇನ್ನೊಂದು ನಿಯಮವನ್ನು 1922ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಗುರುತಿಸಿದರು: ಸಂಕರದಲ್ಲಿ ಒಂದು ಲಿಂಗವಷ್ಟೇ ಬಂಜೆಯಾದರೆ, ಅದು ಎರಡು ಭಿನ್ನ ಲಿಂಗತಂತುಗಳುಳ್ಳ ಲಿಂಗ, ಕುದುರೆ ಕುಲದಲ್ಲಿ ಅದು ಗಂಡು. ಗಂಡು ಹೇಸರಗತ್ತೆಗೆ ಸಂತಾನವಿಲ್ಲ. ಹೆಣ್ಣು ಹೇಸರಗತ್ತೆ ಮರಿ ಹಾಕಿದ ಬೆರಳೆಣಿಕೆಯ ದಾಖಲೆಗಳಿವೆ. ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. ನಮ್ಮ ಹಿರಿಯರಿಗೂ ಈ ಬಂಜೆತನ ತಿಳಿದಿತ್ತು. ಗಬ್ಬ ಧರಿಸಿದ ಹೇಸರಗತ್ತೆ ತನ್ನ ಸಾವನ್ನೇ ಧರಿಸುತ್ತದೆಂಬ ಉಪಮೆ ಮಹಾಭಾರತದಲ್ಲಿದೆ.

ಇಲ್ಲಿ ನಮ್ಮ ರೈತರ ಬಾಯಲ್ಲಿರುವ ‘ಹೈಬ್ರಿಡ್’ ಶಬ್ದದ ಗೊಂದಲವನ್ನೂ ಬಿಡಿಸಬೇಕು. ತರಗತಿಯಲ್ಲಿ ಒಬ್ಬನು, “ಹೈಬ್ರಿಡ್ ಜೋಳದ ಹಾಂಗೇನು ಸರ್?” ಎಂದ. ಪೂರ್ತಿ ಹಾಗಲ್ಲ. ಹೈಬ್ರಿಡ್ ಜೋಳದ ಕಾಳು ಬಿತ್ತಿದರೆ ಮೊಳೆಯುತ್ತದೆ, ತೆನೆಯೂ ಬರುತ್ತದೆ. ಆದರೆ ತಾಯಿಗಿಡದ ಗುಣ ಒಂದೇ ಸಮನಾಗಿ ಉಳಿಯುವುದಿಲ್ಲ. ಆ ಕಾರಣಕ್ಕೆ ಪ್ರತಿ ವರ್ಷ ಅಂಗಡಿಗೆ ಹೋಗಬೇಕು. ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ದೇಸಿ ಬೀಜ ಕಾಪಿಡುವುದರ ಹಿಂದೆ ಇರುವುದು ಇದೇ ತಿಳಿವಳಿಕೆ. ಇನ್ನು ನಮ್ಮ ದೇವಣಿ ಆಕಳಿಗೆ ಗೀರ್ ಹೋರಿ ಕೂಡಿಸಿದರೆ ಹುಟ್ಟುವ ಕರುವಿಗೆ ಮುಂದೆ ಕರುಗಳಾಗುತ್ತವೆ, ಎರಡೂ ಒಂದೇ ಪ್ರಭೇದದ ತಳಿಗಳಲ್ಲವೇ! ಹೇಸರಗತ್ತೆಯ ಕಥೆ ಬೇರೆ. ಅದಕ್ಕೆ ಬೀಜವೂ ಇಲ್ಲ, ಕರುವೂ ಇಲ್ಲ. ಪ್ರತಿಯೊಂದು ಹೇಸರಗತ್ತೆಯೂ ಒಂದು ಕತ್ತೆ ಮತ್ತು ಒಂದು ಕುದುರೆಯಿಂದ ಹೊಸದಾಗಿಯೇ ಹುಟ್ಟಬೇಕು. ಕತ್ತೆಯಿಲ್ಲದ ದಿನ ಹೇಸರಗತ್ತೆಯೂ ಇಲ್ಲ. 2003ರಲ್ಲಿ ಅಮೆರಿಕದ ಐಡಾಹೊ ವಿಶ್ವವಿದ್ಯಾಲಯದಲ್ಲಿ ಹೇಸರಗತ್ತೆಯ ತದ್ರೂಪಿ ಮರಿಯನ್ನು ಪ್ರಯೋಗಶಾಲೆಯ ನೆರವಿನಿಂದ ಹುಟ್ಟಿಸಿದರು ನಿಜ, ಅದು ಇಟ್ಟಿಗೆ ಹೊರುವವರ ಕೈಗೆಟುಕುವ ದಾರಿಯಲ್ಲ.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಚರಿತ್ರೆಯಲ್ಲೇ ಸಾಕ್ಷಿಯಿದೆ. ಸುಮಾರು 4500 ವರ್ಷಗಳ ಹಿಂದೆ ಮೆಸಪೊಟೇಮಿಯಾದಲ್ಲಿ ‘ಕುಂಗ’ ಎಂಬ ಪ್ರಾಣಿ ಅರಸರ ರಥವನ್ನೂ ಯುದ್ಧದ ಬಂಡಿಯನ್ನೂ ಎಳೆಯುತ್ತಿತ್ತು. ಮಣ್ಣಿನ ಹಲಗೆಗಳ ಮೇಲಿನ ಬರಹಗಳಲ್ಲಿ ಅದರ ಬೆಲೆ ಕತ್ತೆಗಿಂತ ಹಲವು ಪಟ್ಟು ಹೆಚ್ಚು. ಸಾಕುಕುದುರೆ ಆ ಸೀಮೆಗೆ ಬರುವ ಮೊದಲಿನ ಕಾಲವದು. ಹಾಗಾದರೆ ಕುಂಗ ಯಾವ ಪ್ರಾಣಿ? ಸಿರಿಯಾದ ಉಮ್ಮ್ ಎಲ್-ಮರ್ರಾ ಎಂಬಲ್ಲಿ ಗಣ್ಯರ ಸಮಾಧಿಗಳ ಬಳಿ ಹೂಳಿದ್ದ ಎಲುಬುಗಳ ಡಿ.ಎನ್.ಎ. ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು: ತಾಯಿ ಸಾಕುಕತ್ತೆ, ತಂದೆ ಸಿರಿಯಾದ ಕಾಡುಕತ್ತೆ. ಮನುಷ್ಯರು ಉದ್ದೇಶಪೂರ್ವಕವಾಗಿ ಹುಟ್ಟಿಸಿದ ಸಂಕರ ಪ್ರಾಣಿಗಳಲ್ಲಿ ನಮಗೆ ತಿಳಿದಿರುವ ಅತ್ಯಂತ ಹಳೆಯದು ಇದೇ. ಹಿಡಿಯಲು ಕಷ್ಟವಾದ ಆ ಕಾಡುಕತ್ತೆಯನ್ನು ಪ್ರತಿ ಪೀಳಿಗೆಗೂ ಹಿಡಿದು ತರಬೇಕಾಗಿತ್ತು. ಆ ಕಾಡುಕತ್ತೆ 1920ರ ದಶಕದಲ್ಲಿ ಅಳಿದುಹೋಯಿತು. ಇಂದು ಎಷ್ಟು ಹಣವಿದ್ದರೂ ಕುಂಗವನ್ನು ಯಾರೂ ಹುಟ್ಟಿಸಲಾರರು. ಅದರ ದಾಯಾದಿಯಾದ ನಮ್ಮ ದೇಶದ ಕಾಡುಕತ್ತೆ ಗುಜರಾತಿನ ಕಛ್‌ನ ರಣದಲ್ಲಿ ಉಳಿದಿದೆ. 2020ರ ಎಣಿಕೆಯಲ್ಲಿ 6,082.

ಪಟ್ಟೆಗಳ ಕಥೆ ಮನುಷ್ಯರ ಒಂದು ದುಷ್ಟ ನಂಬಿಕೆಯನ್ನೂ ಹೊರತಂದಿತು, ಅದನ್ನು ಹೇಳದೆ ಬಿಡಲಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಲಾರ್ಡ್ ಮಾರ್ಟನ್ ತನ್ನ ಹೆಣ್ಣುಕುದುರೆಗೆ ಜೀಬ್ರಾದ ಬಳಗದ ಕ್ವಾಗಾ ಎಂಬ ಗಂಡುಪ್ರಾಣಿಯನ್ನು ಕೂಡಿಸಿದ್ದನು. ಮುಂದೆ ಅದೇ ಕುದುರೆಗೆ ಅರಬ್ಬೀ ಗಂಡುಕುದುರೆಯಿಂದ ಹುಟ್ಟಿದ ಮರಿಗಳ ಕಾಲಿನಲ್ಲಿಯೂ ಗೆರೆ ಕಂಡವು. ಹೆಣ್ಣು ಮೊದಲು ಯಾರನ್ನು ಕೂಡಿತೋ ಅವನ ಗುರುತು ಮುಂದಿನ ಎಲ್ಲ ಸಂತಾನಕ್ಕೂ ಅಂಟುತ್ತದೆಂದು ಪಂಡಿತರೇ ನಂಬಿದರು. ಹೆಣ್ಣಿನ ‘ಶುದ್ಧಿ’ಯ ಮಾತಾಡುವವರಿಗೆ ಇದೊಂದು ಶಾಸ್ತ್ರಾಧಾರವಾಯಿತು. ಯೂವರ್ಟರು ಮಟೊಪೊವಿನೊಡನೆ ನಡೆಸಿದ ಪ್ರಯೋಗಗಳಲ್ಲಿ, ಜೀಬ್ರಾದ ಮರಿ ಹಾಕಿದ ಕುದುರೆಗೆ ಮುಂದೆ ಕುದುರೆಯಿಂದ ಹುಟ್ಟಿದ ಮರಿಗಳಲ್ಲಿ ಮಟೊಪೊವಿನ ಯಾವ ಪ್ರಭಾವವೂ ಕಾಣಲಿಲ್ಲ. ಹಾಗಾದರೆ ಮಾರ್ಟನ್ನನ ಮರಿಗಳ ಗೆರೆ ಎಲ್ಲಿಂದ? ಕುದುರೆಗಳಲ್ಲಿ ಗೆರೆ ಸಹಜವಾಗಿಯೇ ಕಾಣಿಸಿಕೊಳ್ಳುತ್ತದೆ. ಗೆರೆಯಿಲ್ಲದ ಕಾಠಿಯಾವಾಡಿ ಕುದುರೆಯನ್ನು ಭಾರತದಲ್ಲಿ ಶುದ್ಧ ತಳಿಯೆಂದೇ ಎಣಿಸುವುದಿಲ್ಲವೆಂದು ಡಾರ್ವಿನ್ 1859ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ನಮ್ಮ ಹಳ್ಳಿಯ ಕತ್ತೆಯ ಬೆನ್ನು-ಭುಜಗಳ ಮೇಲಿನ ಕಪ್ಪುಗೆರೆಯನ್ನು ಯಾರು ಬೇಕಾದರೂ ನೋಡಬಹುದು. ಆ ಕ್ವಾಗಾ ಕುಲದ ಕೊನೆಯ ಪ್ರಾಣಿ 1883ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಸತ್ತಿತು.

‘ಬೆರಕೆ’ಯ ಮಾತು ಬಂದುದರಿಂದ ಒಂದು ಮಾತು. ನ್ಯಾಲ್ಕಲ್ ಸರ್ಕಲ್ 1956ರ ನವೆಂಬರ್ 1ರವರೆಗೆ ಬೀದರ್ ತಾಲ್ಲೂಕಿನಲ್ಲಿತ್ತು. ಗಡಿರೇಖೆ ಸರಿದ ಬಳಿಕ ನಮ್ಮ ಕನ್ನಡದಲ್ಲಿ ತೆಲುಗು, ದಖನಿ ಉರ್ದು, ಮರಾಠಿ ಶಬ್ದಗಳು ಇರುವುದನ್ನು ಕಂಡು ‘ಖಚ್ಚರ್ ಭಾಷೆ’ ಎಂದು ಗೇಲಿ ಮಾಡುವವರನ್ನು ಗಡಿಯ ಎರಡೂ ಬದಿ ಕಂಡಿದ್ದೇನೆ. ಉಪಮೆ ವಿಜ್ಞಾನದ ದೃಷ್ಟಿಯಿಂದಲೇ ತಪ್ಪು. ಈ ಮಾತನ್ನು ಅಜ್ಜಿಯಿಂದ ಕಲಿತ ಮೊಮ್ಮಗಳು ಅದರಲ್ಲಿಯೇ ನನಗೆ ಪ್ರಶ್ನೆ ಕೇಳುತ್ತಿದ್ದಾಳೆ.

ಈಗ ಕತ್ತೆಯ ವಿಷಯ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ರಲ್ಲಿ ಉಳಿದದ್ದು 1.2 ಲಕ್ಷ. ಏಳು ವರ್ಷದಲ್ಲಿ ಶೇಕಡ 61ರಷ್ಟು ಇಳಿಕೆ. ಹೇಸರಗತ್ತೆಗಳು ಶೇಕಡ 57ರಷ್ಟು ಇಳಿದು 84 ಸಾವಿರಕ್ಕೆ ಬಂದಿವೆ. ಮಡಿವಾಳರ ಮನೆಯ ಮುಂದೆ, ಕುಂಬಾರರ ಆವಿಗೆಯ ಬಳಿ, ಕೆಂಪುಕಲ್ಲು ಒಡೆಯುವಲ್ಲಿ ಕತ್ತೆಗಳಿದ್ದುದು ನನ್ನ ವಯಸ್ಸಿನವರಿಗೆ ನೆನಪಿದೆ. ಟ್ರಾಕ್ಟರ್, ಟಂಟಂಗಳು ಬಂದವು, ಹೊಳೆದಂಡೆಯ ಒಗೆತ ನಿಂತಿತು. ಇಳಿಕೆಗೆ ಇದು ದೊಡ್ಡ ಕಾರಣ. ಅದೊಂದೇ ಅಲ್ಲ. ಆಂಧ್ರಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಕತ್ತೆಯ ಮಾಂಸ ಕಸುವು ಕೊಡುತ್ತದೆಂಬ ನಂಬಿಕೆಯಿಂದ ಕಳ್ಳತನದ ಕಸಾಯಿ ನಡೆಯುತ್ತದೆ. ಕಾನೂನಿನ ಪ್ರಕಾರ ಕತ್ತೆ ಆಹಾರದ ಪ್ರಾಣಿಯಲ್ಲ. ಚೀನಾದಲ್ಲಿ ಕತ್ತೆಯ ಚರ್ಮದ ಅಂಟಿನಿಂದ ಔಷಧ ತಯಾರಿಸುವುದರಿಂದ ಜಗತ್ತಿನ ಕತ್ತೆಗಳಿಗೇ ಕುತ್ತು ಬಂದಿದೆ. 2024ರಲ್ಲಿ ಆಫ್ರಿಕನ್ ಒಕ್ಕೂಟವು ತನ್ನ ದೇಶಗಳಿಂದ ಆ ಚರ್ಮದ ವ್ಯಾಪಾರವನ್ನು ನಿಷೇಧಿಸುವ ತೀರ್ಮಾನ ಕೈಗೊಂಡಿತು.

ದಖನ್ನಿನ ಕತ್ತೆಸಂತೆಗಳು ಇನ್ನೂ ಪೂರ್ತಿ ನಿಂತಿಲ್ಲ. ಮಹಾರಾಷ್ಟ್ರದ ಜೇಜೂರಿಯಲ್ಲಿ ಪುಷ್ಯದ ಹುಣ್ಣಿಮೆಗೆ, ಮಢಿಯಲ್ಲಿ ರಂಗಪಂಚಮಿಗೆ ಕತ್ತೆಗಳು ಮಾರಾಟಕ್ಕೆ ಬರುತ್ತವೆ. ನಾಂದೇಡ್ ಜಿಲ್ಲೆಯ ಮಾಳೇಗಾಂವ್ ಜಾತ್ರೆಯಲ್ಲಿ ಕುದುರೆಗಳ ಜೊತೆಯಲ್ಲಿ ಕತ್ತೆಗಳೂ ಸೇರುತ್ತವೆ. ನಮ್ಮ ಮೈಲಾರಲಿಂಗನೇ ಅಲ್ಲಿಯ ಖಂಡೋಬಾ. ಹದಿನೈದನೆಯ ಶತಮಾನದಲ್ಲಿ ರಷ್ಯದ ಪ್ರವಾಸಿ ನಿಕಿಟಿನ್ ಒಂದು ಕುದುರೆಯನ್ನು ಮಾರಲು ಕಡಲು ದಾಟಿ ಬೀದರಿನವರೆಗೆ ಬಂದನು. ಆಳಂದದ ಸಂತೆಗೆ ಬರುವ ಕುದುರೆಗಳ ಬಗೆಗೂ ಬರೆದನು. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ ನಮ್ಮಿಂದ ಒಂದು ಬಸ್ಸಿನ ದೂರದಲ್ಲಿದೆ, ನಡುವೆ ಇರುವುದು ರಾಜ್ಯದ ಗಡಿಯಷ್ಟೆ. ಆಕಳಿಗೆ ದೇವಣಿಯೆಂಬ ಹೆಸರೂ ದಾಖಲೆಯೂ ದೊರೆತಿವೆ. ನಮ್ಮ ಕಡೆಯ ಕತ್ತೆಯ ಬಗೆಗೂ ಯಾರಾದರೂ ಅಳತೆಪಟ್ಟಿ ಹಿಡಿದು ಹಳ್ಳಿಗಳಿಗೆ ಬರಬೇಕೆಂಬುದು ನನ್ನ ಆಸೆ.

ಅಂದು ತರಗತಿ ಮುಗಿಯುವಾಗ ಮಕ್ಕಳಿಗೆ ಒಂದು ಕೆಲಸ ಹೇಳಿದೆ. ತಮ್ಮ ತಮ್ಮ ಊರಿನಲ್ಲಿ ಕತ್ತೆ, ಕುದುರೆ, ಹೇಸರಗತ್ತೆ ಎಷ್ಟಿವೆ, ಯಾರ ಮನೆಯಲ್ಲಿವೆ, ಏನು ಕೆಲಸ ಮಾಡುತ್ತವೆ, ಬೆನ್ನಿನ ಗೆರೆ ಹೇಗಿದೆ ಎಂದು ಬರೆದು ತರಬೇಕು. ಪಟ್ಟಿಯಲ್ಲಿ ಪ್ರಾಣಿಯ ಹೆಸರಿಗೆ ಮೂರು ಅಂಕಣಗಳಿವೆ: ಕನ್ನಡ, ತೆಲುಗು, ಉರ್ದು. ಪ್ರಶ್ನೆ ಕೇಳಿದ ಹುಡುಗಿ ಮರುದಿನವೇ ಬಂದು, ತಮ್ಮೂರಲ್ಲಿ ಕತ್ತೆ ಇಲ್ಲ, ಆದರೆ ಕತ್ತೆ ಸಾಕಿದ್ದ ಮುದುಕನಿದ್ದಾನೆ, ಅವನನ್ನು ಕೇಳಿ ಬರೆಯಬಹುದೇ ಎಂದಳು. ಬರೆಯಮ್ಮ ಎಂದೆ.